ಹಡಗಿನ ಹೊದಿಕೆ

ಕ್ರೂಸ್ ಹಡಗಿನ ಹಾಸಿಗೆಯಲ್ಲಿ ತಿಗಣೆ, ಮೈಗೆ ಹತ್ತುವ ಹುಳು ಎಲ್ಲ ಇರುತ್ತವೆಂದು ಹೊರಡುವ ಮುಂಚೆ ಯಾರೋ ಹೆದರಿಸಿದ್ದರು. ಮಂಡ್ಯದ ಹಾಲಿನ ಸಂಘದ ಹೆಂಗಸರ ಜೊತೆ ಪ್ರವಾಸ ಬಂದಿದ್ದ ನಿಂಗಾಜಮ್ಮ ಕೋಣೆಗೆ ಕಾಲಿಟ್ಟವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಸಿಗೆ ಮಗುಚಿದಳು. ತಿಗಣೆ ಸಿಗಲಿಲ್ಲ. ಆದರೆ ದನದ ಕಿವಿಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಕಿತ್ತು ಕಿತ್ತು ಬೆರಳು ಸವೆಸಿದವಳು ಅಷ್ಟಕ್ಕೇ ನಂಬುತ್ತಾಳೆಯೇ? ಕೋಣೆ ನೋಡಿಕೊಳ್ಳುವ ಕಾರವಾರದ ಉಲ್ಲಾಸನನ್ನು ತಡೆದು ನಿಲ್ಲಿಸಿದಳು.

"ದಿಟ ಹೇಳಪ್ಪ, ಈ ಹೊದಿಕೇಲಿ ಉಣ್ಣೆ ಐತಾ?"

"ಇದೆ ಅಮ್ಮಾ! ಎಲ್ಲಾ ರೂಮಲ್ಲೂ ಇದೆ," ಎಂದು ಅವನು ಹೆಮ್ಮೆಯಿಂದ ಹೇಳಿದ.

"ಅಯ್ಯೋ ಶಿವನೇ! ಕ್ಯಾಪ್ಟನ್ ರೂಮಲ್ಲೂ?"

"ಅವರದ್ರಲ್ಲಿ ಇನ್ನೂ ಜಾಸ್ತಿ. ಆಸ್ಟ್ರೇಲಿಯಾದಿಂದ ತರಿಸಿದ್ದು."

"ಅಂಥದ್ದನ್ನ ಬೇಕೂಂತ ತರಿಸ್ಕೋತಾರಾ!"

"ಮತ್ತೆ? ಅಲ್ಲಿಯ ಕುರಿದು ಅಂದ್ರೆ ಏನು ಬೆಚ್ಚಗೆ! ಮುಟ್ಟಿ ನೋಡಿ."

ಅವನು ಹೇಳುತ್ತಿರುವುದು ಕುರಿ ತುಪ್ಪಟದ ಮಾತು ಎಂದು ಆಗ ಹೊಳೆಯಿತು. ನಿಂಗಾಜಮ್ಮ ಪೆಚ್ಚಾದರೂ ಸೋಲಲಿಲ್ಲ.

"ನಿಮ್ಮದೇನೂ ಬ್ಯಾಡ ಕಣಪ್ಪ. ಎಂಥೆಂಥವರು ಹೊದ್ದಿರ್ತಾರೋ! ನಾನು ಮನೇದೇ ತಂದಿವ್ನಿ."

ಹಸು ಈಯುವಾಗ ಕೊಟ್ಟಿಗೆಯಲ್ಲಿ ಹೊದ್ದು ಕೂರುತ್ತಿದ್ದ ಕರಿ ಕಂಬಳಿಯನ್ನು ಚೀಲದಿಂದ ತೆಗೆದು ಜೋರಾಗಿ ಕೊಡವಿದಳು. ಬಿಳಿ ದಿಂಬಿನ ಮೇಲೆ ಏನೋ ಟಪ್ಪನೆ ಬಿತ್ತು. ಬಿದ್ದದ್ದು ಮೆಲ್ಲಗೆ ಕಾಲು ಬಿಚ್ಚಿ ನಡೆಯತೊಡಗಿತು.

ಉಲ್ಲಾಸ ಬಗ್ಗಿ ನೋಡಿದ. "ಇದೇನಮ್ಮಾ ಇದು?"

ನಿಂಗಾಜಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಉಣ್ಣೆ."