ಸುಟ್ಟ ಮಣ್ಣಿನ ಮೇಲೆ ಮಳೆ

ನೆಡ್ರಾ ಬಾಟಲಿಯಿಂದ ಸುರಿದ ನೀರು ಮಣ್ಣಿಗೆ ಇಳಿಯಲಿಲ್ಲ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತು, ಕಲ್ಲುಗಳ ನಡುವೆ ಉರುಳಿ, ಇಳಿಜಾರಿನಲ್ಲಿ ಓಡಿಹೋಯಿತು. ಬೂದಿ ಕೆದಕಿ, ಎರಡು ಬೆರಳಷ್ಟು ಕೆಳಗೆ ಮತ್ತೆ ಸುರಿದಳು. ಅಲ್ಲೂ ಅಷ್ಟೆ. ಹೋದ ತಿಂಗಳ ಕಾಡ್ಗಿಚ್ಚು ರಾಕಿ ಪರ್ವತದ ಈ ಹುಲ್ಲುಗಾವಲನ್ನು ಸುಟ್ಟದ್ದಲ್ಲದೆ, ಬಂಡೆಯ ಮೇಲಿದ್ದ ಗೇಣು ದಪ್ಪದ ಮಣ್ಣಿಗೂ ಮೇಣ ಬಳಿದಂತೆ ಮಾಡಿತ್ತು.

"ಬಂತು ನೋಡು ಮಗಳೇ!" ಮಾವ ಹೈರಮ್ ಟೋಪಿ ತೆಗೆದು ಶಿಖರದ ಕಪ್ಪು ಮೋಡದ ಕಡೆ ಬೀಸಿದರು. "ನಿನ್ನೆಯಿಂದ ಊರಿಗೂರೇ ಮಳೆಗಾಗಿ ಉಪವಾಸ ಇದ್ದದ್ದು ಸುಮ್ನೆ ಹೋಗ್ಲಿಲ್ಲ. ನಮ್ಮ ಚರ್ಚಿನ ಬಿಷಪ್ಪನ ಹೊಟ್ಟೆ ಖಾಲಿಯಾಗಿದ್ದು ನೋಡಿ ದೇವರಿಗೇ ಕನಿಕರ ಬಂದಿರ್ಬೇಕು!"

"ಮಾವ, ನಿಮ್ಮ ಮಗ ಡೆಲ್ ಕುರಿ ಹುಡುಕ್ತಾ ಕೆಳಗೆ ಕಮರೀಲಿದ್ದಾನೆ." ನೆಡ್ರಾ ಇಳಿಜಾರಿನ ಕಡೆ ಕೈ ತೋರಿಸಿದಳು. "ಈ ಮಣ್ಣು ಒಂದು ಹನೀನೂ ಕುಡಿಯಲ್ಲ. ಬಿದ್ದದ್ದೆಲ್ಲ ಅವನ ಮೇಲೇ ನುಗ್ಗತ್ತೆ."

ಹೈರಮ್ ಬಾಟಲಿ ಕಿತ್ತುಕೊಂಡು ತಾವೇ ಸುರಿದು ನೋಡಿದರು. ನೀರು ಅವರ ಬೂಟು ದಾಟಿ ಓಡಿತು. ಕಮರಿಯಲ್ಲಿ ಫೋನು ಸಿಗುವುದಿಲ್ಲ, ಇಳಿಯಲು ಒಂದು ಗಂಟೆ ಬೇಕು. ತಲೆಯ ಮೇಲೆ ಗುಡುಗಿತು.

ನೆಡ್ರಾ ನಾಯಿಗೆಂದು ಜೇಬಿನಲ್ಲಿಟ್ಟಿದ್ದ ಒಣ ಬ್ರೆಡ್ಡು ತೆಗೆದು, ಒಂದು ತುಂಡು ಮುರಿದು ಬಾಯಿಗೆ ತುರುಕಿಕೊಂಡಳು.

"ಏನೇ ಮಾಡ್ತಿದ್ದೀಯ? ಸಂಜೆವರೆಗೂ ಉಪವಾಸ ಮುರೀಬಾರ್ದು!"

"ನಾನು ಮಳೆ ಬೇಡಿಕೊಂಡಿದ್ದನ್ನ ವಾಪಸ್ ತಗೋತಿದ್ದೀನಿ, ಮಾವ."

ಮೊದಲ ಹನಿ ಹೈರಮರ ಬೋಳು ತಲೆಯ ಮೇಲೆ ಬಿತ್ತು. ಅವರು ಬ್ರೆಡ್ಡಿನ ಕಡೆ ಕೈ ಚಾಚಿದರು.

"ನಂಗೂ ಒಂದು ಚೂರು ಕೊಡು."