ಪಕ್ಕದ ಸೀಟಿನ ದರ

ಹುಬ್ಬಳ್ಳಿಯಲ್ಲಿ ವಿಮಾನ ಹತ್ತುವವರು ಪಕ್ಕಪಕ್ಕದಲ್ಲಿ ಕೂರಬೇಕೆಂದರೆ ಕೌಂಟರಿನ ಗಾಜಿನ ಮೇಲೆ ಅಂಗೈ ಊರಲೇಬೇಕು. ಜೊತೆಗೆ ಕೂರುವ ಆಸೆ ಅವರವರಿಗೆ ಎಷ್ಟೋ, ಗಾಜಿನ ಮೇಲೆ ಮೂಡುವ ಅವರವರ ದರ ಅಷ್ಟು. ಮುಂದಿದ್ದ ನವದಂಪತಿ ನಲವತ್ತು ಸಾವಿರ ತೆತ್ತು ಬೀಗುತ್ತ ಹೋದರು.

ನೀಲಾಂಬಿಕಾ ಕೈಯಿಟ್ಟಳು. ಸೊನ್ನೆ ಬಂತು. ಮೂವತ್ತು ವರ್ಷದ ಸಂಸಾರ ಹೀಗೆ ಬಯಲಾಗಿ ಅವಳ ಮುಖ ಬಾಡಿತು.

"ನಿಮಗ ಪುಕ್ಕಟ ರೀ ಅಕ್ಕಾರ," ಎಂದಳು ಕೌಂಟರಿನ ಹುಡುಗಿ. "ಇನ್ನ ಸಾಹೇಬ್ರದು?"

ಗಂಡ ಈರಪ್ಪ ಕೈಯನ್ನು ಜುಬ್ಬಾದ ಜೇಬಿಗೆ ತುರುಕಿದ. "ಬ್ಯಾಡವಾ. ನಾವು ಬ್ಯಾರೆ ಬ್ಯಾರೆನ ಕೂಡತೀವಿ."

ಅವನದೂ ಸೊನ್ನೆಯೇ ಇರಬೇಕು ಎಂದುಕೊಂಡಳು. ಆದರೂ ತಡೆಯಲಾಗದೆ ಪಿಸುಗುಟ್ಟಿದಳು: "ಇಡ್ರಲ್ಲಾ. ನನ್ನ ಮಾನ ಹೋತು, ನಿಮ್ಮದೂ ಹೋಗ್ಲಿ."

ಈರಪ್ಪ ನೆಲ ನೋಡುತ್ತ ಅಂದ: "ಅಷ್ಟು ರೊಕ್ಕ ನನ್ನ ಕಡೆ ಇಲ್ಲ, ನೀಲಾ."