ತಾರಸಿಯ ಬಿಸಿಲು

ಅತ್ತಿಗೆ ಬೆರಳೆತ್ತಿದ್ದೇ ತಡ, ಐವತ್ತು ಕಿಲೋ ತೂಕದ ರಾಟ್‌ವೀಲರ್ ನಾಯಿ ಮೈದುನನನ್ನು ತಾರಸಿಯ ಗೋಡೆಗೆ ಒತ್ತಿ ನಿಲ್ಲಿಸಿತು. ಕಚ್ಚಲಿಲ್ಲ. ತಾನು ಕರೆಯುವವರೆಗೆ ಎದುರಿಗಿರುವವರನ್ನು ಅಲ್ಲಾಡಲು ಬಿಡಬಾರದೆಂದು ಅವಳು ಅದಕ್ಕೆ ಎರಡು ವರ್ಷ ಕಲಿಸಿದ್ದಳು.

"ಅತ್ತಿಗೆ, ಕರೀರಿ ಇದನ್ನ! ತಮಾಷೆ ಸಾಕು."

"ತಮಾಷೆನಾ? ಮೂರು ತಿಂಗಳ ಮರಿ ಇದ್ದಾಗ, ನಾನು ಮನೇಲಿಲ್ಲದ ಹೊತ್ತು ನೋಡಿ ಇದನ್ನ ಇಲ್ಲೇ ಬಿಸಿಲಲ್ಲಿ ಕೂರಿಸಿದ್ಯಲ್ಲ, ಎಷ್ಟು ಹೊತ್ತು?"

"ಕಾವಲು ನಾಯಿ ಅಲ್ವಾ, ಗಟ್ಟಿಯಾಗ್ಲಿ ಅಂತ..."

"ಪಾದದ ಚರ್ಮ ಸುಲಿದು ಬಂದಿತ್ತು ಕಣೋ. ಹದಿನೆಂಟು ದಿನ ಎತ್ಕೊಂಡೇ ತಿರುಗಿದೀನಿ. ಎಷ್ಟು ಹೊತ್ತು ಅಂತ ಕೇಳ್ದೆ."

"ಒಂದು... ಒಂದು ಗಂಟೆ."

"ಕೂತ್ಕೋ," ಎಂದಳು ಅತ್ತಿಗೆ, ಮೈದುನನನ್ನೇ ನೋಡುತ್ತ.

ಮಧ್ಯಾಹ್ನದ ಸಿಮೆಂಟು ಕಾದ ಹೆಂಚಿನಂತಿತ್ತು. ಮೈದುನ ನಾಯಿಯ ಹಲ್ಲು ನೋಡಿದ, ಅತ್ತಿಗೆಯ ಮುಖ ನೋಡಿದ, ಕೊನೆಗೆ ಗೋಡೆಗೆ ಬೆನ್ನು ಜಾರಿಸುತ್ತ ಕೂತ. ಊರಿದ ಅಂಗೈ ಸುಟ್ಟು, "ಹಾ" ಎಂದು ಎತ್ತಿಕೊಂಡ. ಅವಳು ನೀರಿನ ಟ್ಯಾಂಕಿನ ನೆರಳಿಗೆ ಕುರ್ಚಿ ಎಳೆದುಕೊಂಡು ಕೈಗಡಿಯಾರ ನೋಡಿದಳು.

"ಬಾ ಮಗಾ, ನಿನ್ನ ಕಾಲು ಸುಡುತ್ತೆ," ಎಂದು ನಾಯಿಯನ್ನು ಕರೆದಳು. ಅದು ಬಾಲವಾಡಿಸುತ್ತ ಬಂದು ಬಟ್ಟಲಿನ ನೀರು ಕುಡಿದು, ಅವಳ ಕುರ್ಚಿಯ ಪಕ್ಕ ಮಲಗಿ ಗೊರಕೆ ಹೊಡೆಯತೊಡಗಿತು.

ಮೆಟ್ಟಿಲಿನ ಬಾಗಿಲು ತೆರೆದೇ ಇತ್ತು. ಮೈದುನ ಏಳಲಿಲ್ಲ. ಬೆವರು ಒರೆಸಿಕೊಳ್ಳಲೂ ಹೆದರಿ, ಅತ್ತಿಗೆಯ ಬೆರಳನ್ನೇ ನೋಡುತ್ತ ಕೂತಿದ್ದ.